ಹಲ್ಲಿನ ಸೆಟ್ ಕಟ್ಟಿಸಿಕೊಳ್ಳುವ ಮುನ್ನ, ಕಟ್ಟಿಸಿಕೊಂಡ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೋದ ಹಲ್ಲಿನ ಜಾಗಕ್ಕೆ ತೆಗೆದು ಹಾಕುವ ಹಲ್ಲು ಕಟ್ಟಿಸಬೇಕೆಂದಿರುವವರು, ಕಟ್ಟಿಸಿಕೊಂಡು ಒದ್ದಾಡುತ್ತಿರುವವರು, ಮನೆಯ ಹಿರಿಯರ ಸೆಟ್ ನೋಡಿಕೊಳ್ಳುತ್ತಿರುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ: ಸೆಟ್ ಮಾಡಿದ ದಿನ ಹೇಗಿತ್ತೋ ಹಾಗೇ ಇರುತ್ತದೆ, ಅದನ್ನು ಹೊತ್ತ ದವಡೆ ಹಾಗಿರುವುದಿಲ್ಲ. ಮುಂದಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಈ ಒಂದು ಕಾರಣದಿಂದಲೇ ಹುಟ್ಟಿವೆ.

ಡೆಂಚರ್‌ನಲ್ಲಿ, ಅಂದರೆ ಹಲ್ಲಿನ ಸೆಟ್‌ನಲ್ಲಿ, ಏನೇನು ಇರುತ್ತದೆ?

ಒಸಡಿನ ಬಣ್ಣದ ಒಂದು ತಳ, ಅದರಲ್ಲಿ ಕೂರಿಸಿದ ಹಲ್ಲುಗಳು. ತಳವನ್ನು ಸಾಮಾನ್ಯವಾಗಿ ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮಾಡುತ್ತಾರೆ. ದಪ್ಪ ಸುಮಾರು 2 ಮಿಲಿಮೀಟರ್. ಹಲ್ಲುಗಳೂ ಹೆಚ್ಚಾಗಿ ಅಕ್ರಿಲಿಕ್‌ನವೇ, ಏಕೆಂದರೆ ಅವು ತಳದ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಪಿಂಗಾಣಿ ಹಲ್ಲು ಬೇಗ ಸವೆಯುವುದಿಲ್ಲ ನಿಜ, ಆದರೆ ಕಚ್ಚಿದಾಗ ಟಕಟಕ ಸದ್ದು ಮಾಡುತ್ತದೆ, ಎದುರಿಗೆ ಸ್ವಂತ ಹಲ್ಲಿದ್ದರೆ ಅದನ್ನು ಸವೆಸುತ್ತದೆ.

ಮೇಲಿನ ಪೂರ್ಣ ಸೆಟ್ ಅಂಗುಳವನ್ನೂ ಮುಚ್ಚುತ್ತದೆ. ಕೆಳಗಿನದು ಕುದುರೆ ಲಾಳದ ಆಕಾರದಲ್ಲಿದ್ದು ನಾಲಿಗೆಗೆ ಜಾಗ ಬಿಡುತ್ತದೆ. ಕೆನ್ನೆ ಮತ್ತು ಒಸಡಿನ ನಡುವಿನ ಸಂದಿಗೆ ಇಳಿಯುವ ಅಂಚು ನೋಡಲು ಅನಗತ್ಯ ಅನ್ನಿಸಬಹುದು. ಸೆಟ್ ಬಾಯಲ್ಲಿ ನಿಲ್ಲುವುದೇ ಆ ಅಂಚಿನಿಂದ.

ಎಷ್ಟು ಬಗೆಯ ಸೆಟ್‌ಗಳಿವೆ?

ಒಂದು ದವಡೆಯಲ್ಲಿ ಹಲ್ಲೇ ಇಲ್ಲದಿದ್ದರೆ ಪೂರ್ಣ ಸೆಟ್. ಕೆಲವು ಹಲ್ಲು ಉಳಿದಿದ್ದರೆ ಪಾರ್ಶಿಯಲ್ ಸೆಟ್. ಇದು ಉಳಿದ ಹಲ್ಲುಗಳಿಗೆ ಸಣ್ಣ ಕೊಕ್ಕೆ ಹಾಕಿ ಹಿಡಿದುಕೊಳ್ಳುತ್ತದೆ. ಪಾರ್ಶಿಯಲ್‌ನಲ್ಲಿ ಮೂರು ಬಗೆ ಸಾಮಾನ್ಯ. ಬರೀ ಅಕ್ರಿಲಿಕ್‌ನದು ದಪ್ಪ, ಆದರೆ ಸುಲಭವಾಗಿ ಹಲ್ಲು ಸೇರಿಸಬಹುದು. ಕೋಬಾಲ್ಟ್ ಕ್ರೋಮಿಯಂ ಲೋಹದ ಚೌಕಟ್ಟಿನದು ತೆಳ್ಳಗಿದ್ದು ಗಟ್ಟಿ. ಅದರ ಚಿಕ್ಕ ಚಾಚುಗಳು ಉಳಿದ ಹಲ್ಲಿನ ಮೇಲೆ ಕೂತು ಭಾರ ಹೊರುವುದರಿಂದ ಒಸಡಿನ ಮೇಲೆ ಒತ್ತಡ ಕಡಿಮೆ. ನೈಲಾನ್‌ನ ಬಾಗುವ ಸೆಟ್ ನೋಡಲು ಚೆಂದ, ಲೋಹದ ಕೊಕ್ಕೆ ಕಾಣುವುದಿಲ್ಲ. ಆದರೆ ರಿಪೇರಿ ಮಾಡುವುದು, ಒಳಮೈ ಮರುಹೊಂದಿಸುವುದು ಕಷ್ಟ. ಬಹುಕಾಲ ಬಳಸುವ ಉದ್ದೇಶವಿದ್ದು ಉಳಿದ ಹಲ್ಲುಗಳು ಗಟ್ಟಿಯಾಗಿದ್ದರೆ ಲೋಹದ ಚೌಕಟ್ಟೇ ಉತ್ತಮ ಎನ್ನುವುದು ನಮ್ಮ ಅಭಿಪ್ರಾಯ.

ಇವಲ್ಲದೆ ಹಲ್ಲು ಕಿತ್ತ ದಿನವೇ ಹಾಕುವ ತಕ್ಷಣದ ಸೆಟ್, ಉಳಿಸಿಕೊಂಡ ಬೇರಿನ ಮೇಲೋ ಇಂಪ್ಲಾಂಟ್ (ದವಡೆಯ ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಮೇಲೋ ಕೂರುವ ಓವರ್‌ಡೆಂಚರ್ ಇವೆ.

ಎರಡು ಮೂರು ಹಲ್ಲು ಮಾತ್ರ ಉಳಿದಿವೆ. ಅವನ್ನೂ ಕೀಳಿಸಿ ಪೂರ್ಣ ಸೆಟ್ ಹಾಕಿಸಿಕೊಳ್ಳಲೇ?

ಅವಸರ ಮಾಡಬೇಡಿ, ಅದರಲ್ಲೂ ಕೆಳದವಡೆಯಲ್ಲಿ. ಬೇರು ಇರುವವರೆಗೆ ಅದರ ಸುತ್ತಲಿನ ಮೂಳೆ ಉಳಿಯುತ್ತದೆ. ಬೇರು ಹೋದರೆ ಮೂಳೆಯೂ ಕರಗತೊಡಗುತ್ತದೆ. ಕೆಳಗಿನ ಎರಡು ಕೋರೆಹಲ್ಲು ಉಳಿದಿದ್ದು, ಬೇರು ಗಟ್ಟಿಯಾಗಿದ್ದರೆ, ರೂಟ್ ಕೆನಾಲ್ ಮಾಡಿ, ಒಸಡಿನ ಮಟ್ಟಕ್ಕಿಂತ ತುಸು ಮೇಲಕ್ಕೆ ಕತ್ತರಿಸಿ, ಅದರ ಮೇಲೆ ಸೆಟ್ ಕೂರಿಸಬಹುದು. ಸೆಟ್ ಜಾರುವುದು ಕಡಿಮೆಯಾಗುತ್ತದೆ. ಎಷ್ಟು ಜೋರಾಗಿ ಕಚ್ಚುತ್ತಿದ್ದೇನೆ ಎಂಬ ಅರಿವೂ ಉಳಿಯುತ್ತದೆ, ಏಕೆಂದರೆ ಆ ಸ್ಪರ್ಶಜ್ಞಾನ ಇರುವುದು ಬೇರನ್ನು ಸುತ್ತಿದ ತಂತುಗಳಲ್ಲಿ.

ತುಂಬಾ ಅಲುಗಾಡುವ, ಕೀವಾದ, ಬೇರಿನುದ್ದಕ್ಕೂ ಸೀಳಿದ ಹಲ್ಲನ್ನು ಉಳಿಸಿ ಪ್ರಯೋಜನವಿಲ್ಲ. ಉಳಿಸಿಕೊಂಡ ಬೇರನ್ನು ದಿನಾ ಉಜ್ಜಿ ಚೊಕ್ಕಟವಾಗಿಡಬೇಕು. ಸೆಟ್ ಕೆಳಗೆ ಹುಳುಕು ಬಹಳ ಬೇಗ ಹಿಡಿಯುತ್ತದೆ.

ಹಲ್ಲು ಕೀಳಿಸಿದ ಮೇಲೆ ಎಷ್ಟು ಕಾಲ ಕಾಯಬೇಕು?

ಸಾಮಾನ್ಯವಾಗಿ 6ರಿಂದ 12 ವಾರ. ಗಾಯ ಬೇಗ ಮುಚ್ಚಿಕೊಂಡರೂ ಒಳಗಿನ ಮೂಳೆ ಆಕಾರ ಬದಲಿಸುತ್ತಲೇ ಇರುತ್ತದೆ. ಮೊದಲ 6ರಿಂದ 12 ತಿಂಗಳಲ್ಲಿ ಮೂಳೆಯ ಇಳಿತ ಅತಿ ಹೆಚ್ಚು.

ಅಷ್ಟು ದಿನ ಬೊಚ್ಚು ಬಾಯಲ್ಲಿ ಇರಲಾಗದವರಿಗೆ ತಕ್ಷಣದ ಸೆಟ್ ಇದೆ. ಹಲ್ಲು ಕೀಳುವ ಮೊದಲೇ ಅಳತೆ ತೆಗೆದು ಮಾಡಿಟ್ಟು, ಕಿತ್ತ ಕೂಡಲೇ ಹಾಕುತ್ತಾರೆ. ಮೊದಲ 24 ಗಂಟೆ ಅದನ್ನು ತೆಗೆಯಬಾರದು: ತೆಗೆದರೆ ಒಸಡು ಊದಿಕೊಂಡು ಮತ್ತೆ ಕೂರುವುದೇ ಇಲ್ಲ. ಮರುದಿನ ವೈದ್ಯರೇ ತೆಗೆದು ನೋಡುತ್ತಾರೆ. ಮುಂಭಾಗದ ಹಲ್ಲು ಹೇಗೆ ಕಾಣುತ್ತದೆ ಎಂದು ಮೊದಲೇ ಹಾಕಿ ನೋಡುವ ಅವಕಾಶ ಇದರಲ್ಲಿಲ್ಲ. ಕೆಲವೇ ತಿಂಗಳಲ್ಲಿ ಸಡಿಲವೂ ಆಗುತ್ತದೆ. ಅದು ಮಾಡಿದವರ ತಪ್ಪಲ್ಲ, ಮೂಳೆ ಇಳಿಯುವುದರ ಫಲ. ಮರುಹೊಂದಿಕೆಯ ಖರ್ಚನ್ನೋ ಹೊಸ ಸೆಟ್ಟಿನ ಖರ್ಚನ್ನೋ ಮೊದಲೇ ಲೆಕ್ಕಕ್ಕೆ ಹಿಡಿದುಕೊಳ್ಳಿ.

ಪೂರ್ಣ ಸೆಟ್‌ಗೆ ಎಷ್ಟು ಸಲ ಹೋಗಬೇಕು? ಪ್ರತಿ ಸಲ ಏನು ಮಾಡುತ್ತಾರೆ?

ಹಳೆಯ ಕ್ರಮದಲ್ಲಿ ಐದು ಭೇಟಿ, ಆಮೇಲೆ ತಪಾಸಣೆಗಳು.

1. ಮೊದಲ ಅಳತೆ. ಆಲ್ಜಿನೇಟ್ ಪುಡಿಯನ್ನು ನೀರಲ್ಲಿ ಕಲಸಿ ತಟ್ಟೆಯಲ್ಲಿಟ್ಟು ಬಾಯಿಗೆ ಒತ್ತುತ್ತಾರೆ. ಎರಡು ಮೂರು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ವಾಕರಿಕೆ ಬರುವವರು ನೆಟ್ಟಗೆ ಕೂತು, ತಲೆ ತುಸು ಮುಂದೆ ಬಾಗಿಸಿ, ಮೂಗಿನಿಂದ ಉಸಿರಾಡಬೇಕು. ಒರಗಿ ಕೂತರೆ ವಾಕರಿಕೆ ಹೆಚ್ಚು.
2. ಎರಡನೇ ಅಳತೆ. ಮೊದಲ ಅಚ್ಚಿನ ಮೇಲೆ ನಿಮ್ಮ ಬಾಯಿಗೇ ಹೊಂದುವ ತಟ್ಟೆ ಮಾಡಿ, ಅದರ ಅಂಚಿಗೆ ಕಾಂಪೌಂಡ್ ಎಂಬ, ಬಿಸಿ ಮಾಡಿದರೆ ಮೆತ್ತಗಾಗುವ ವಸ್ತುವನ್ನು ಹಚ್ಚುತ್ತಾರೆ. ತುಟಿ ಮುಂದೆ ಚಾಚಿ, ಕೆನ್ನೆ ಆಡಿಸಿ, ನಾಲಿಗೆ ಹೊರಗೆ ಹಾಕಿ ಎನ್ನುತ್ತಾರೆ. ಸ್ನಾಯು ಎಲ್ಲಿಯವರೆಗೆ ಚಲಿಸುತ್ತದೋ ಅಲ್ಲಿಗೇ ಸೆಟ್ಟಿನ ಅಂಚು ನಿಲ್ಲಬೇಕು. ಅದಕ್ಕಾಗಿ ಈ ಕಸರತ್ತು. ಸಂಕೋಚಪಟ್ಟು ಅರ್ಧಂಬರ್ಧ ಮಾಡಿದರೆ ಅಂಚು ಉದ್ದವಾಗಿ ಮುಂದೆ ಒಸಡನ್ನು ಕೊಯ್ಯುತ್ತದೆ.
3. ದವಡೆಗಳ ಸಂಬಂಧ. ಮೇಣದ ದಿಂಡುಗಳನ್ನು ಕಚ್ಚಿಸಿ, ಎರಡು ದವಡೆ ಎಷ್ಟು ದೂರದಲ್ಲಿ, ಎಲ್ಲಿ ಕೂಡಬೇಕು ಎಂದು ಗುರುತು ಹಾಕುತ್ತಾರೆ. ಇಡೀ ಕೆಲಸದಲ್ಲಿ ಅತ್ಯಂತ ನಾಜೂಕಿನ ಹಂತ ಇದೇ. ಮುಖ ಸಡಿಲ ಬಿಟ್ಟು ಕೂತಾಗ ಮೇಲು ಕೆಳಗಿನ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಅಂತರ ಉಳಿಯಬೇಕು.
4. ಮೇಣದ ಸೆಟ್ ಹಾಕಿ ನೋಡುವುದು.
5. ಸೆಟ್ ಕೊಡುವುದು. ಒಳಗೆ ಬಿಳಿ ಪೇಸ್ಟ್ ಹಚ್ಚಿ ಒತ್ತಿ, ಪೇಸ್ಟ್ ಅಳಿಸಿಹೋದ ಕಡೆ ಹೆಚ್ಚು ಒತ್ತುತ್ತಿದೆ ಎಂದು ತಿಳಿದು ಅಷ್ಟೇ ಸವರುತ್ತಾರೆ.

ನಾಲ್ಕು ಮತ್ತು ಐದರ ನಡುವೆ ಲ್ಯಾಬ್‌ನಲ್ಲಿ ಮೇಣವನ್ನು ಕರಗಿಸಿ ತೆಗೆದು, ಆ ಜಾಗಕ್ಕೆ ಅಕ್ರಿಲಿಕ್ ತುಂಬಿ, ಬಿಸಿನೀರಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಅವಸರದಲ್ಲಿ ಬೇಗ ಕುದಿಸಿದರೆ ಒಳಗೆ ಸಣ್ಣ ಸಣ್ಣ ಗುಳ್ಳೆಗಳಾಗಿ ಸೆಟ್ ದುರ್ಬಲವಾಗುತ್ತದೆ. ಕಂಪ್ಯೂಟರ್‌ನಲ್ಲಿ ವಿನ್ಯಾಸ ಮಾಡಿ, ಕೊರೆದೋ ಪ್ರಿಂಟ್ ಮಾಡಿಯೋ ತೆಗೆಯುವ ಸೆಟ್‌ಗಳಿಗೆ ಭೇಟಿ ಕಡಿಮೆ ಸಾಕು. ಮೇಲಾಗಿ ಕಂಪ್ಯೂಟರಿನಲ್ಲಿ ವಿನ್ಯಾಸ ಉಳಿದಿರುವುದರಿಂದ, ಕಳೆದರೆ ಅದೇ ಅಳತೆಯದನ್ನು ಮತ್ತೆ ಮಾಡಬಹುದು.

ಮೇಣದ ಸೆಟ್ ಹಾಕಿ ನೋಡುವ ದಿನ ನಾನೇನು ಗಮನಿಸಬೇಕು?

ಹಲ್ಲಿನ ಬಣ್ಣ, ಜೋಡಣೆ, ಎತ್ತರ ಬದಲಿಸಲು ಇದೇ ಕೊನೆಯ ಅವಕಾಶ. ನೇರ ಮಾತು ಹೇಳುವ ಮನೆಯವರನ್ನು ಕರೆದುಕೊಂಡು ಹೋಗಿ. ಹಲ್ಲಿದ್ದ ಕಾಲದ, ನಗುತ್ತಿರುವ ಹಳೆಯ ಫೋಟೋ ಇದ್ದರೆ ಅದೂ ಜೊತೆಗಿರಲಿ. ಬಣ್ಣವನ್ನು ಕಿಟಕಿಯ ಬೆಳಕಿನಲ್ಲಿ ನೋಡಿ.

ತುಟಿ ಸಡಿಲ ಬಿಟ್ಟಾಗ ಮೇಲಿನ ಮುಂಭಾಗದ ಹಲ್ಲಿನ ಅಂಚು ಒಂದೆರಡು ಮಿಲಿಮೀಟರ್ ಕಂಡರೆ ಸಹಜ. ವಯಸ್ಸಾದವರಲ್ಲಿ ಇನ್ನೂ ಕಡಿಮೆ ಕಾಣುತ್ತದೆ. ತುಟಿ ಮುಚ್ಚಲು ಬಲ ಹಾಕಬೇಕಾದರೆ, ಮಾತಾಡುವಾಗ ಹಲ್ಲಿಗೆ ಹಲ್ಲು ತಾಗಿ ಸದ್ದಾದರೆ ಎತ್ತರ ಹೆಚ್ಚಾಗಿದೆ. ಗಲ್ಲ ಮೂಗಿನ ಕಡೆ ಬಂದು, ಬಾಯಿಯ ಮೂಲೆಯಲ್ಲಿ ಮಡಿಕೆ ಬಿದ್ದರೆ ಕಡಿಮೆಯಾಗಿದೆ. ‘ಆಫೀಸು’ ಎನ್ನಿ: ‘ಫೀ’ ಬರುವಾಗ ಮೇಲಿನ ಹಲ್ಲಿನ ಅಂಚು ಕೆಳತುಟಿಗೆ ಮೃದುವಾಗಿ ತಾಗಬೇಕು, ‘ಸು’ ಬರುವಾಗ ಶಿಳ್ಳೆ ಬರಬಾರದು.

ಮೇಣದ ಸೆಟ್ ಸಡಿಲವಾಗಿಯೇ ಇರುತ್ತದೆ, ಅದರಿಂದ ಹಿಡಿತವನ್ನು ಅಳೆಯಬೇಡಿ. ಜೋರಾಗಿ ಕಚ್ಚಲೂ ಬೇಡಿ, ಬಾಯಿಯ ಬಿಸಿಗೆ ಮೇಣ ಮೆತ್ತಗಾಗಿ ಹಲ್ಲು ಸರಿಯುತ್ತದೆ. ಒಪ್ಪಿಗೆಯಾಗದಿದ್ದರೆ ಹಾಗೆಂದು ಹೇಳಿ. ಇನ್ನೊಂದು ಸಲ ಬಂದು ನೋಡುವುದು ಎಷ್ಟೋ ಮೇಲು.

ಅಂಟಿಲ್ಲದೆ ಸೆಟ್ ಹೇಗೆ ನಿಲ್ಲುತ್ತದೆ?

ಎರಡು ಗಾಜಿನ ಹಲಗೆಗಳ ನಡುವೆ ಒಂದು ಹನಿ ನೀರು ಬಿಟ್ಟು ಒತ್ತಿ, ಎಳೆದು ನೋಡಿ. ಪಕ್ಕಕ್ಕೆ ಜಾರುತ್ತವೆಯೇ ಹೊರತು ನೇರವಾಗಿ ಬಿಡಿಸಲು ಬರುವುದಿಲ್ಲ. ಸೆಟ್ ಮತ್ತು ಒಸಡಿನ ನಡುವಿನ ಜೊಲ್ಲಿನ ತೆಳು ಪದರ ಮಾಡುವುದೂ ಇದನ್ನೇ. ಸುತ್ತಲಿನ ಅಂಚು ಗಾಳಿ ಒಳಬಾರದಂತೆ ತಡೆಯುತ್ತದೆ. ಅಂಗುಳದ ಹಿಂಭಾಗದ ಅಂಚನ್ನು ಮೃದು ಭಾಗಕ್ಕೆ ತುಸು ಒತ್ತುವಂತೆ ಮಾಡಿರುತ್ತಾರೆ. ಸೆಟ್ಟಿನ ಅಂಗುಳದ ಭಾಗ ತುಂಬಾ ಹಿಂದಕ್ಕೆ ಹೋಗಿದೆ ಎಂದು ಅದನ್ನು ಕತ್ತರಿಸಿಕೊಂಡವರ ಸೆಟ್ ಆಮೇಲೆ ಬೀಳತೊಡಗುವುದು ಇದಕ್ಕೇ.

ಜೊಲ್ಲು ಕಡಿಮೆ ಇದ್ದರೆ ಹಿಡಿತವೂ ಕಡಿಮೆ. ಖಿನ್ನತೆ, ಅಲರ್ಜಿ, ರಕ್ತದೊತ್ತಡಕ್ಕೆ ಕೊಡುವ ಹಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ದಂತವೈದ್ಯರಿಗೆ ತೋರಿಸಿ.

ಮೇಲಿನದು ಗಟ್ಟಿಯಾಗಿದೆ, ಕೆಳಗಿನದು ಯಾಕೆ ಎದ್ದೆದ್ದು ಬರುತ್ತದೆ?

ಕೆಳಗಿನ ಸೆಟ್ಟಿಗೆ ಕೂರಲು ಜಾಗವೇ ಇಲ್ಲ. ಮೇಲಿನದಕ್ಕೆ ಸುಮಾರು 23 ಚದರ ಸೆಂಟಿಮೀಟರ್ ಆಸರೆ ಸಿಕ್ಕರೆ, ಕೆಳಗಿನದಕ್ಕೆ ಸುಮಾರು 12 ಮಾತ್ರ. ಅದರಲ್ಲೂ ಒಳಗಿನಿಂದ ನಾಲಿಗೆ, ಹೊರಗಿನಿಂದ ಕೆನ್ನೆ ತುಟಿಗಳು ಸದಾ ತಳ್ಳುತ್ತಿರುತ್ತವೆ. ಮೂಳೆ ಸವೆತವೂ ಕೆಳಗೇ ಹೆಚ್ಚು: ಸೆಟ್ ಹಾಕಿದವರನ್ನು 25 ವರ್ಷ ಹಿಂಬಾಲಿಸಿ ನೋಡಿ 1972ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೆಳದವಡೆಯ ಏಣು (ಹಲ್ಲುಗಳಿದ್ದ ಮೂಳೆಯ ದಿಂಡು) ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಇಳಿದಿತ್ತು.

ನಿಮ್ಮ ಕೈಯಲ್ಲಿರುವುದು ನಾಲಿಗೆ. ಅದನ್ನು ಹಿಂದಕ್ಕೆಳೆದು ಇಟ್ಟುಕೊಂಡರೆ ಕೆಳಗಿನ ಸೆಟ್ ಏಳುತ್ತದೆ. ತುದಿಯನ್ನು ಕೆಳಗಿನ ಮುಂಭಾಗದ ಹಲ್ಲಿನ ಒಳಮೈಗೆ ಮೆಲ್ಲಗೆ ತಾಗಿಸಿಟ್ಟುಕೊಳ್ಳುವ ಅಭ್ಯಾಸ ಮಾಡಿ. ನಾಲಿಗೆಯ ಪಕ್ಕಗಳೇ ಸೆಟ್ಟನ್ನು ಒತ್ತಿ ಹಿಡಿಯುತ್ತವೆ. ಕೆಲವು ವಾರ ಪಟ್ಟುಹಿಡಿದು ಮಾಡಿದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಮೊದಲ ತಿಂಗಳು ಊಟ, ಮಾತು ಹೇಗೆ?

ಮೊದಮೊದಲು ಬಾಯಿ ತುಂಬಿದ ಹಾಗೆ, ಜೊಲ್ಲು ಸುರಿಯುವ ಹಾಗೆ ಆಗುತ್ತದೆ. ಹೊರಗಿನ ವಸ್ತು ಬಂತೆಂದು ಬಾಯಿ ತೋರಿಸುವ ಪ್ರತಿಕ್ರಿಯೆ ಅದು. ದಿನಗಳು ಕಳೆದಂತೆ ತಗ್ಗುತ್ತದೆ.

ಊಟಕ್ಕೆ ಮೆತ್ತನೆಯದರಿಂದ ಶುರು ಮಾಡಿ. ಸಣ್ಣ ತುತ್ತು, ನಿಧಾನ. ಎರಡೂ ಪಕ್ಕದಲ್ಲಿ ಒಟ್ಟಿಗೆ ಅಗಿಯಿರಿ. ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ತಕ್ಕಡಿಯಂತೆ ಮೇಲೇಳುತ್ತದೆ. ಮುಂಭಾಗದ ಹಲ್ಲಿನಿಂದ ಕಚ್ಚಿ ಎಳೆಯಬೇಡಿ, ಹಿಂಭಾಗ ಕಳಚುತ್ತದೆ. ಗಟ್ಟಿ ಹಣ್ಣನ್ನು ಹೆಚ್ಚಿ ಪಕ್ಕದ ಹಲ್ಲಿಗೆ ಕೊಡಿ. ಅಂಗುಳ ಮುಚ್ಚಿರುವುದರಿಂದ ಬಿಸಿ ತಿಳಿಯುವುದು ತಡವಾಗುತ್ತದೆ, ಬಿಸಿ ಪಾನೀಯವನ್ನು ತುಟಿಗೆ ತಾಗಿಸಿ ನೋಡಿ ಕುಡಿಯಿರಿ. ಪೂರ್ಣ ಸೆಟ್ಟಿನಲ್ಲಿ ಸಿಗುವ ಕಚ್ಚುವ ಬಲ ಸ್ವಂತ ಹಲ್ಲಿನದರ ಸುಮಾರು ಕಾಲು ಭಾಗ. ಇದು ಮೊದಲೇ ಗೊತ್ತಿದ್ದರೆ ನಿರಾಸೆಯಾಗುವುದಿಲ್ಲ.

ಮಾತಿನಲ್ಲಿ ಮೊದಲು ತೊಡಕಾಗುವುದು ‘ಸ’, ‘ಶ’, ‘ಚ’. ಕನ್ನಡ ಆಡುವವರಿಗೆ ‘ಟ’, ‘ಡ’, ‘ಣ’, ‘ಳ’ ಕೂಡ: ನಾಲಿಗೆ ಮಡಚಿ ತಾಗುವ ಅಂಗುಳದ ಜಾಗದಲ್ಲೀಗ ಅಕ್ರಿಲಿಕ್ ಇರುತ್ತದೆ, ಅಂದಾಜು ತಪ್ಪುತ್ತದೆ. ದಿನಕ್ಕೆ ಹದಿನೈದು ನಿಮಿಷ ಪತ್ರಿಕೆಯನ್ನು ಜೋರಾಗಿ ಓದಿ. ಎಡವಿದ ಪದವನ್ನು ನಿಧಾನವಾಗಿ ಹತ್ತು ಸಲ ಹೇಳಿ. ಒಂದು ತಿಂಗಳಾದರೂ ‘ಸ’ ಶಿಳ್ಳೆಯಾಗಿಯೇ ಉಳಿದರೆ ಮುಂಭಾಗದ ಅಂಗುಳದ ದಪ್ಪವನ್ನೋ ಹಲ್ಲಿನ ಜೋಡಣೆಯನ್ನೋ ವೈದ್ಯರು ಸರಿಪಡಿಸಬೇಕಾಗಬಹುದು.

ಒಸಡಲ್ಲಿ ಹುಣ್ಣಾಗಿದೆ. ಏನು ಮಾಡಲಿ?

ಹೊಸ ಸೆಟ್ಟಿನಲ್ಲಿ ಇದು ತೀರಾ ಸಾಮಾನ್ಯ. ಆದ್ದರಿಂದಲೇ ಒಂದೆರಡು ದಿನದಲ್ಲಿ ಒಮ್ಮೆ, ಒಂದು ವಾರಕ್ಕೆ ಇನ್ನೊಮ್ಮೆ ಬರಹೇಳುತ್ತಾರೆ. ನೋವು ಹೆಚ್ಚಿದ್ದರೆ ತೆಗೆದಿಡಿ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ. ಆದರೆ ವೈದ್ಯರ ಬಳಿ ಹೋಗುವ ಮುನ್ನ ಕೆಲವು ಗಂಟೆ ಹಾಕಿಕೊಂಡಿರಿ. ಕೆಂಪು ಗುರುತು ಕಂಡರೆ ಮಾತ್ರ ಎಲ್ಲಿ ಸವರಬೇಕೆಂದು ಅವರಿಗೆ ತಿಳಿಯುತ್ತದೆ.

ಮನೆಯಲ್ಲಿ ಚಾಕು, ಅರ, ಉಪ್ಪುಕಾಗದದಿಂದ ಉಜ್ಜಲೇಬೇಡಿ. ನೋವಿರುವ ಜಾಗ ಒಂದಾದರೆ ಕಾರಣವಿರುವ ಜಾಗ ಇನ್ನೊಂದಾಗಿರಬಹುದು. ಎಷ್ಟೋ ಸಲ ತಪ್ಪಿರುವುದು ಕಚ್ಚುವ ಮೇಲ್ಮೈಯಲ್ಲಿ.

ಸೆಟ್ ತೆಗೆದಿಟ್ಟು ಎರಡು ವಾರವಾದರೂ ಮಾಯದ ಹುಣ್ಣು, ಗಟ್ಟಿಯಾದ ಅಂಚಿನ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ‘ಸೆಟ್ ಒತ್ತಿರಬೇಕು’ ಎಂದು ಸುಮ್ಮನಿರಬೇಡಿ. ಬಾಯಿ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಎಲುಬಿನ ಸವೆತಕ್ಕೆ ಬಿಸ್‌ಫಾಸ್ಫೊನೇಟ್ ಔಷಧ ತೆಗೆದುಕೊಳ್ಳುವವರು, ತಲೆ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಪಡೆದವರು ಸಣ್ಣ ಹುಣ್ಣಿಗೂ ತಡಮಾಡಬಾರದು.

ತೊಳೆಯುವುದು ಹೇಗೆ?

ಪ್ರತಿ ಊಟದ ನಂತರ ತೆಗೆದು ನೀರಲ್ಲಿ ತೊಳೆಯಿರಿ. ದಿನಕ್ಕೊಮ್ಮೆಯಾದರೂ ಮೆತ್ತನೆ ಬ್ರಷ್ ಮತ್ತು ಪಾತ್ರೆ ತೊಳೆಯುವ ಸೌಮ್ಯ ದ್ರವದಿಂದ ಒಳಗೂ ಹೊರಗೂ ಉಜ್ಜಿ. ಸಾಮಾನ್ಯ ಟೂತ್‌ಪೇಸ್ಟ್ ಬೇಡ: ಅದರ ಒರಟು ಕಣಗಳು ಅಕ್ರಿಲಿಕ್ ಮೇಲೆ ಗೀರು ಮಾಡುತ್ತವೆ, ಆ ಗೀರುಗಳಲ್ಲಿ ಕೊಳೆ ಕೂರುತ್ತದೆ. ಕುದಿನೀರೂ ಬೇಡ, ಸೆಟ್ ಸೊಟ್ಟಗಾಗುತ್ತದೆ. ಹಾಗಾದದ್ದನ್ನು ಮತ್ತೆ ನೆಟ್ಟಗೆ ಮಾಡಲಾಗದು. ಲೋಹವಿರುವ ಸೆಟ್ಟನ್ನು ಬ್ಲೀಚ್‌ನಲ್ಲಿ ಮುಳುಗಿಸಬಾರದು, ಲೋಹ ಕಪ್ಪಾಗಿ ತುಕ್ಕು ಹಿಡಿಯುತ್ತದೆ. ಗಟ್ಟಿ ಪಾಚಿ ಕಟ್ಟಿದರೆ ಕೆರೆಯದೆ ಕ್ಲಿನಿಕ್‌ಗೆ ಒಯ್ಯಿರಿ.

ಬೇಸಿನ್‌ನಲ್ಲಿ ಅರ್ಧ ನೀರು ತುಂಬಿ, ಇಲ್ಲವೇ ಮಡಚಿದ ಟವೆಲ್ ಹಾಸಿ, ಅದರ ಮೇಲೆ ಹಿಡಿದು ತೊಳೆಯಿರಿ. ಸೆಟ್‌ಗಳು ಮುರಿಯುವುದು ಹೆಚ್ಚಾಗಿ ಸಾಬೂನಿನ ಕೈಯಿಂದ ಜಾರಿ. ಕೆಳಗಿನ ಸೆಟ್ಟನ್ನು ಎರಡು ತುದಿ ಹಿಡಿದು ಮುಷ್ಟಿಯಲ್ಲಿ ಒತ್ತಿದರೂ ನಡುವೆ ಮುರಿಯುತ್ತದೆ. ಮಾತ್ರೆ ಕರಗಿಸಿ ನೆನೆಸುವುದಾದರೆ ಪೊಟ್ಟಣದ ಮೇಲೆ ಹೇಳಿದಷ್ಟೇ ಹೊತ್ತು, ಆಮೇಲೆ ಚೆನ್ನಾಗಿ ತೊಳೆದು ಹಾಕಿಕೊಳ್ಳಿ. ಆ ಮಾತ್ರೆಯನ್ನು ಬಾಯಿಗೆ ಹಾಕಬಾರದು. ನೆನೆಸಿದ ಮಾತ್ರಕ್ಕೆ ಉಜ್ಜುವುದು ತಪ್ಪುವುದಿಲ್ಲ.

ಒಸಡು, ಅಂಗುಳ, ನಾಲಿಗೆಯನ್ನೂ ಮೆತ್ತನೆ ಬ್ರಷ್‌ನಿಂದ ಸವರಿ. ಪಾರ್ಶಿಯಲ್ ಇದ್ದವರು ಕೊಕ್ಕೆ ತಾಗುವ ಹಲ್ಲನ್ನು ಫ್ಲೋರೈಡ್ ಪೇಸ್ಟ್‌ನಿಂದ ವಿಶೇಷವಾಗಿ ಉಜ್ಜಬೇಕು. ಮುಂದಿನ ಹುಳುಕು ಶುರುವಾಗುವುದು ಅಲ್ಲೇ.

ರಾತ್ರಿ ತೆಗೆಯಲೇಬೇಕೇ?

ಹೌದು. ತಕ್ಷಣದ ಸೆಟ್ಟಿನ ಮೊದಲ ರಾತ್ರಿಯೊಂದನ್ನು ಬಿಟ್ಟರೆ ದಿನವೂ. ಇಡೀ ದಿನ ಒತ್ತಡದಲ್ಲಿದ್ದ ಒಸಡಿಗೆ ಬಿಡುವು ಬೇಕು. ತೆಗೆಯದವರಲ್ಲಿ ಸೆಟ್ಟಿನ ಅಡಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆದು, ಅಂಗುಳ ಸೆಟ್ಟಿನ ಆಕಾರದಲ್ಲೇ ಕೆಂಪಾಗುತ್ತದೆ. ಹೆಚ್ಚಾಗಿ ನೋವಿರುವುದಿಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ. ಬಾಯಿಗೆ ಮಾತ್ರ ಔಷಧ ಹಚ್ಚಿ ಸೆಟ್ಟನ್ನು ಹಾಗೇ ಬಿಟ್ಟರೆ ಮತ್ತೆ ಬರುತ್ತದೆ. ಶಿಲೀಂಧ್ರ ಅಕ್ರಿಲಿಕ್‌ನ ಸೂಕ್ಷ್ಮ ರಂಧ್ರಗಳಲ್ಲೂ ಕೂತಿರುತ್ತದೆ. ಜಪಾನಿನಲ್ಲಿ 85 ದಾಟಿದ 524 ಹಿರಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೆಟ್ ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾದ ಅಪಾಯ ಎರಡು ಪಟ್ಟಿಗಿಂತ ಹೆಚ್ಚಿತ್ತು.

ತೆಗೆದದ್ದನ್ನು ತಣ್ಣೀರಿನಲ್ಲಿ ಮುಳುಗಿಸಿಡಿ. ನೀರನ್ನು ದಿನಾ ಬದಲಿಸಿ, ಡಬ್ಬಿಯನ್ನೂ ತೊಳೆಯಿರಿ.

ಅಂಟು ಬಳಸಬಹುದೇ?

ಚೆನ್ನಾಗಿ ಹೊಂದುವ ಸೆಟ್ಟಿಗೆ ಭರವಸೆಗಾಗಿ ತುಸು ಬಳಸಿದರೆ ತಪ್ಪಿಲ್ಲ. ಸೆಟ್ ಒರೆಸಿ ಒಣಗಿಸಿ, ಮೂರು ನಾಲ್ಕು ಕಡೆ ಬಟಾಣಿಗಿಂತ ಚಿಕ್ಕ ಚುಕ್ಕೆ ಇಟ್ಟು ಒತ್ತಿ. ಅಂಚಿನಿಂದ ಹೊರಗೆ ಉಕ್ಕಿದರೆ ಹೆಚ್ಚಾಯಿತು. ದಿನಕ್ಕೆ ಹಲವು ಸಲ ಹಚ್ಚಬೇಕಾಗಿ ಬಂದರೆ ಸೆಟ್ ಹೊಂದುತ್ತಿಲ್ಲ ಎಂದರ್ಥ, ಅದನ್ನು ಅಂಟಿನಿಂದ ಮುಚ್ಚಿಡಬೇಡಿ. ಸತು ಇರುವ ಅಂಟನ್ನು ವರ್ಷಗಟ್ಟಲೆ ಮಿತಿಮೀರಿ ಬಳಸಿದವರಲ್ಲಿ ದೇಹದ ತಾಮ್ರದ ಅಂಶ ಕುಸಿದು, ಕೈಕಾಲು ಜೋಮು ಹಿಡಿಯುವ ನರದೋಷ ಬಂದದ್ದಿದೆ. ಸತು ಇಲ್ಲದ್ದನ್ನೇ ಆರಿಸಿ.

ಸಡಿಲವಾದರೆ ಹೊಸದೇ ಬೇಕೇ? ಎಷ್ಟು ವರ್ಷ ಬಾಳುತ್ತದೆ?

ಹಲ್ಲುಗಳು ಸವೆಯದೆ, ಕಚ್ಚುವಿಕೆ ಸರಿಯಿದ್ದರೆ ರಿಲೈನ್ ಸಾಕು: ಒಳಮೈಯಲ್ಲಿ ಹೊಸ ಅಳತೆ ತೆಗೆದು, ಉಂಟಾದ ಸಂದಿಯನ್ನು ಹೊಸ ಅಕ್ರಿಲಿಕ್‌ನಿಂದ ತುಂಬುತ್ತಾರೆ. ಕ್ಲಿನಿಕ್‌ನಲ್ಲೇ ಕೂತಲ್ಲಿ ಮಾಡುವುದು ಬೇಗ ಮುಗಿಯುತ್ತದೆ. ಲ್ಯಾಬ್‌ಗೆ ಕಳಿಸಿದ್ದು ಹೆಚ್ಚು ಬಾಳುತ್ತದೆ, ಆದರೆ ಅಷ್ಟು ಹೊತ್ತು ಸೆಟ್ ಇಲ್ಲದೆ ಇರಬೇಕು.

ಸಾಮಾನ್ಯವಾಗಿ 5ರಿಂದ 7 ವರ್ಷಕ್ಕೆ ಹೊಸದು ಬೇಕಾಗುತ್ತದೆ. ‘ಇಪ್ಪತ್ತು ವರ್ಷದಿಂದ ಇದೇ ಸೆಟ್, ಏನೂ ತೊಂದರೆಯಿಲ್ಲ’ ಎನ್ನುವವರ ಬಾಯಲ್ಲಿ ಹಲ್ಲು ಚಪ್ಪಟೆಯಾಗಿ ಸವೆದು, ಮುಖದ ಎತ್ತರ ಇಳಿದು, ಬಾಯಿಯ ಮೂಲೆ ಒಡೆದು, ಸಡಿಲ ಅಂಚು ಉಜ್ಜಿದ ಕಡೆ ಒಸಡು ಮಡಿಕೆಮಡಿಕೆಯಾಗಿ ಬೆಳೆದಿರುವುದುಂಟು. ವರ್ಷಕ್ಕೊಮ್ಮೆ ತೋರಿಸಿ, ಹಲ್ಲು ಒಂದೂ ಇಲ್ಲದಿದ್ದರೂ ಸರಿ.

ಮುರಿದರೆ ಫೆವಿಕ್ವಿಕ್ ಥರದ ಅಂಟು ಹಾಕಬಹುದೇ?

ಬೇಡ. ಮುರಿದ ಅಂಚುಗಳು ಕೂದಲೆಳೆಯಷ್ಟೂ ತಪ್ಪದೆ ಕೂಡಿದರೆ ಮಾತ್ರ ಲ್ಯಾಬ್‌ನವರು ಸರಿಯಾಗಿ ಬೆಸೆಯಬಲ್ಲರು. ಅಂಟಿನ ಪದರ ಒಣಗಿದ ಮೇಲೆ ಆ ಹೊಂದಿಕೆ ಕೈತಪ್ಪುತ್ತದೆ. ಎಲ್ಲ ಚೂರುಗಳನ್ನೂ ಆಯ್ದು ಡಬ್ಬಿಯಲ್ಲಿಟ್ಟು ಒಯ್ಯಿರಿ. ಕೆಳಗೆ ಬೀಳದೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಿರುಕು ಬಿಟ್ಟರೆ ಬೆಸುಗೆಯನ್ನು ದೂರಬೇಡಿ. ಪಕ್ಕದ ಮೂಳೆ ಇಳಿದು, ಸೆಟ್ ನಡುಗೆರೆಯ ಮೇಲೆ ತೂಗಾಡುತ್ತಿರುತ್ತದೆ. ಅದಕ್ಕೆ ಬೇಕಾದದ್ದು ರಿಲೈನ್.

ಇಂಪ್ಲಾಂಟ್ ಹಾಕಿಸಿದರೆ ಈ ತಾಪತ್ರಯವೆಲ್ಲ ತಪ್ಪುತ್ತದೆಯೇ?

ಎಲ್ಲವೂ ಅಲ್ಲ, ಕೆಳಗಿನ ಸೆಟ್ಟಿನದು ಬಹುಮಟ್ಟಿಗೆ. ಕೆಳದವಡೆಯ ಮುಂಭಾಗದಲ್ಲಿ ಎರಡು ಇಂಪ್ಲಾಂಟ್ ಕೂರಿಸಿ, ಸೆಟ್ಟನ್ನು ಗುಂಡಿಯಂತೆ ಅದುಮಿ ಹಾಕುವುದೇ ಪೂರ್ತಿ ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆಯಾಗಬೇಕು ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹೇಳಿದ್ದರು. ನಮ್ಮ ಸಲಹೆಯೂ ಅದೇ: ಹಣ ಒಂದೇ ದವಡೆಗೆ ಸಾಲುವಂತಿದ್ದರೆ ಕೆಳಗೆ ಹಾಕಿಸಿ. ಮೂಳೆ ಇಂಪ್ಲಾಂಟನ್ನು ಹಿಡಿದುಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಹಿಡಿತದಲ್ಲಿಲ್ಲದ ಸಕ್ಕರೆ ಕಾಯಿಲೆ, ಧೂಮಪಾನ ಇದ್ದರೆ ವಿಫಲವಾಗುವ ಸಾಧ್ಯತೆ ಹೆಚ್ಚು. ಗುಂಡಿಯೊಳಗಿನ ನೈಲಾನ್ ಉಂಗುರ ಸವೆಯುತ್ತದೆ, ಆಗಾಗ ಬದಲಿಸಬೇಕು. ಇಂಪ್ಲಾಂಟ್ ಸುತ್ತ ಉಜ್ಜದಿದ್ದರೆ ಅಲ್ಲೂ ಮೂಳೆ ಕರಗುತ್ತದೆ.

ಆಪರೇಷನ್ ಇದೆ, ಅಥವಾ ಹಿರಿಯರು ಆಸ್ಪತ್ರೆಯಲ್ಲಿದ್ದಾರೆ. ಸೆಟ್ಟನ್ನು ಏನು ಮಾಡಬೇಕು?

ಅರಿವಳಿಕೆ ಕೊಡುವ ಮುನ್ನ ಸೆಟ್ ಇದೆ ಎಂದು ತಿಳಿಸಿ, ಸಾಮಾನ್ಯವಾಗಿ ತೆಗೆಸುತ್ತಾರೆ. ಹೆಸರು ಬರೆದ ಮುಚ್ಚಳದ ಡಬ್ಬಿಯಲ್ಲಿ ನೀರು ಹಾಕಿ ಇಡಿ. ಟಿಶ್ಯೂ ಕಾಗದದಲ್ಲಿ ಸುತ್ತಿ ಊಟದ ತಟ್ಟೆಯ ಪಕ್ಕ ಇಟ್ಟದ್ದು ಕಸದ ಬುಟ್ಟಿಗೆ ಹೋಗುತ್ತದೆ. ಹೊಸದಾಗಿ ಮಾಡಿಸುವಾಗಲೇ ತಳದೊಳಗೆ ಹೆಸರು ಹಾಕಿಸಿಕೊಳ್ಳಬಹುದು, ಲ್ಯಾಬ್‌ಗೆ ಅದು ಕಷ್ಟದ ಕೆಲಸವಲ್ಲ.

ಒಂದೆರಡು ಹಲ್ಲಿನ ಚಿಕ್ಕ ಪಾರ್ಶಿಯಲ್ ನುಂಗಿಹೋಗುವ ಅಪಾಯವಿದೆ. ಮರೆವಿನ ಕಾಯಿಲೆ, ಮೂರ್ಛೆರೋಗ ಇರುವವರಲ್ಲಿ ಇನ್ನೂ ಹೆಚ್ಚು. ಸೆಟ್ ಕಾಣೆಯಾಗಿ, ಅದೇ ಹೊತ್ತಿಗೆ ಕೆಮ್ಮು, ನುಂಗಲು ಕಷ್ಟ, ಎದೆನೋವು ಕಾಣಿಸಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಅಕ್ರಿಲಿಕ್ ಸಾಮಾನ್ಯ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಎಕ್ಸ್-ರೇ ಸ್ವಚ್ಛವಾಗಿದೆ ಎಂದರೂ ಸೆಟ್ ಕಾಣೆಯಾಗಿರುವುದನ್ನು, ಅದರಲ್ಲಿ ಲೋಹದ ಕೊಕ್ಕೆ ಇತ್ತೇ ಇಲ್ಲವೇ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಿ.